ಘರ್ಷಣೆಗೆ ಎರಡು ಮೈ ಬೇಕು

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಸಂಜೆ, ಮಡಿವಾಳದಿಂದ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆಗೆ ಸಾಗುವ ಹೊಸೂರು ರಸ್ತೆಯಲ್ಲಿ ಸ್ಕೂಟರು, ಬೈಕುಗಳು ಹೇಗೆ ಹೋಗುತ್ತವೆ ನೋಡಿ. ಪಳಗಿದ ಸವಾರರು ಸಿಗ್ನಲ್ ಬರುವ ಮೊದಲೇ ವೇಗ ತಗ್ಗಿಸುತ್ತಾರೆ. ಬ್ರೇಕನ್ನು ಒಮ್ಮೆಲೇ ಅದುಮುವುದಿಲ್ಲ. ಬಿಳಿ ಬಣ್ಣದ ಜೀಬ್ರಾ ಪಟ್ಟೆಗಳ ಮೇಲೆ ಗಾಡಿಯನ್ನು ವಾಲಿಸುವುದಿಲ್ಲ. ರಸ್ತೆ ನಿನ್ನೆಯದೇ, ಟೈರೂ ನಿನ್ನೆಯದೇ. ನಿನ್ನೆ ಗಟ್ಟಿಯಾಗಿ ಹಿಡಿದದ್ದು ಇವತ್ತು ಬಿಟ್ಟುಬಿಡುತ್ತದೆ ಎಂಬುದು ಅವರ ಕೈಕಾಲಿಗೇ ಗೊತ್ತು.

ಅಲ್ಲೇ ಬಸ್ಸಿಗೆ ಕಾದು ನಿಂತ ಎಂಟನೇ ತರಗತಿಯ ಹುಡುಗಿಯನ್ನು ಗಾಡಿ ಏಕೆ ಜಾರುತ್ತದೆ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ: "ಘರ್ಷಣೆ ಕಮ್ಮಿ ಆಗುತ್ತೆ ಸಾರ್." ಉತ್ತರ ಸರಿಯಾಗಿಯೇ ಇದೆ. "ಯಾವುದರ ಘರ್ಷಣೆ?" ಎಂದು ಮುಂದೆ ಕೇಳಿ. ರಸ್ತೆಯದೋ, ಟೈರಿನದೋ, ನೀರಿನದೋ? ಅಲ್ಲಿಗೆ ಮಾತು ತಡವರಿಸುತ್ತದೆ. ಆ ತಡವರಿಕೆಗೆ ಮಗುವನ್ನು ದೂರುವಂತಿಲ್ಲ. ನಾವು ಪಾಠ ಹೇಳುವ ಕ್ರಮದಲ್ಲೇ ಅದರ ಬೇರಿದೆ. ಬಣ್ಣ, ಸಾಂದ್ರತೆ, ಕರಗುವ ಬಿಂದು ಇವೆಲ್ಲ ಒಂದೊಂದು ವಸ್ತುವಿಗೆ ಸೇರಿದ ಗುಣಗಳು. ಘರ್ಷಣೆಯನ್ನೂ ನಾವು ಅದೇ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೇವೆ. ನನ್ನ ವಾದ ಇಷ್ಟು: ಘರ್ಷಣೆ ಒಂಟಿ ವಸ್ತುವಿನ ಗುಣವಾಗಲು ಸಾಧ್ಯವೇ ಇಲ್ಲ. ಎರಡು ಮೈಗಳ ನಡುವೆ, ಆ ನಡುವಿನಲ್ಲಿರುವ ತೆಳು ಪದರದ ಜೊತೆಗೆ, ಆ ಹೊತ್ತಿನಲ್ಲಿ ಹುಟ್ಟುವ ಸಂಬಂಧ ಅದು. ಇದನ್ನು ಮಕ್ಕಳು ಪ್ರೌಢಶಾಲೆಯಲ್ಲೇ ತಮ್ಮ ಕೈಯಿಂದ ಅಳೆದು ಅರಿಯಬೇಕು.

ನಮ್ಮ ಭಾಷೆಗೆ ಈ ಸಂಗತಿ ಚೆನ್ನಾಗಿ ಗೊತ್ತಿದೆ. ಪತ್ರಿಕೆಗಳಲ್ಲಿ 'ಘರ್ಷಣೆ' ಎಂಬ ಪದ ಬಂದಾಗ ಅದರ ಹಿಂದೆ 'ಎರಡು ಗುಂಪುಗಳ ನಡುವೆ' ಎಂಬ ಮಾತು ಇದ್ದೇ ಇರುತ್ತದೆ. ಒಂದು ಗುಂಪಿನ ಘರ್ಷಣೆ ಎಂದು ಯಾರೂ ಬರೆಯುವುದಿಲ್ಲ. ತಿಕ್ಕಾಟ, ಉಜ್ಜಾಟ ಎಂಬ ಅಚ್ಚಕನ್ನಡದ ಮಾತುಗಳಿಗೂ ಇಬ್ಬರು ಬೇಕು. ಒಂದು ಕೈಯಲ್ಲಿ ಚಪ್ಪಾಳೆಯಿಲ್ಲ ಎನ್ನುವ ಗಾದೆ ಬೆಳೆದ ನಾಡಿನಲ್ಲಿ ವಿಜ್ಞಾನದ ತರಗತಿ ಮಾತ್ರ ಆ ಎರಡನೆಯ ಕೈಯನ್ನು ಮರೆಯುತ್ತಿದೆ.

ಪಠ್ಯಪುಸ್ತಕದ ಬಗ್ಗೆ ನ್ಯಾಯವಾಗಿಯೇ ಮಾತಾಡೋಣ. ನಮ್ಮ ರಾಜ್ಯದ ಎಂಟನೇ ತರಗತಿಯಲ್ಲಿ ಹಲವು ವರ್ಷ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಕನ್ನಡ ರೂಪದಲ್ಲಿ ಘರ್ಷಣೆಗೆ ಒಂದು ಪೂರ್ತಿ ಅಧ್ಯಾಯವಿದೆ. ಇಟ್ಟಿಗೆಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವುದು, ಅದೇ ಇಟ್ಟಿಗೆಗೆ ಪಾಲಿಥೀನ್ ಸುತ್ತಿ, ಆಮೇಲೆ ಗೋಣಿ ಸುತ್ತಿ ಎಳೆದು ನೋಡುವುದು ಅಲ್ಲಿನ ಒಳ್ಳೆಯ ಚಟುವಟಿಕೆ. ಘರ್ಷಣೆ ಎರಡೂ ಮೇಲ್ಮೈಗಳನ್ನು ಅವಲಂಬಿಸಿದೆ ಎಂಬ ಸೂಚನೆಯೂ ಅಲ್ಲಿದೆ. ತೊಂದರೆ ಬರುವುದು ಕಾರಣ ಹೇಳುವಾಗ. ಎಷ್ಟೇ ನುಣುಪಾಗಿ ಕಂಡರೂ ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುತಗ್ಗುಗಳಿವೆ, ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ಒರಟು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು ಎಂಬುದು ಅಲ್ಲಿನ ವಿವರಣೆ. ಮಗು ಇದರಿಂದ ಎತ್ತಿಕೊಳ್ಳುವ ಸಾರ ಒಂದೇ ಸಾಲು: ಒರಟು ಹಿಡಿಯುತ್ತದೆ, ನುಣುಪು ಜಾರುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅದು ಸಾಕು. ಹೊಸೂರು ರಸ್ತೆಗೆ ಸಾಲದು.

ಏಕೆ ಸಾಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಗಳಿವೆ. ಪೀಣ್ಯದ ಟೂಲ್‌ರೂಮುಗಳಲ್ಲಿ ಸ್ಲಿಪ್ ಗೇಜ್ ಎಂಬ ಉಕ್ಕಿನ ಬಿಲ್ಲೆಗಳಿರುತ್ತವೆ. ಅಳತೆ ತಾಳೆ ನೋಡಲು ಬಳಸುವ ಈ ಬಿಲ್ಲೆಗಳ ಮೈ ಕನ್ನಡಿಯಂತೆ ನಯ. ಒರಟೇ ಹಿಡಿತಕ್ಕೆ ಕಾರಣವಾಗಿದ್ದರೆ ಇವು ಒಂದರ ಮೇಲೊಂದು ಸರ್ರನೆ ಜಾರಬೇಕಿತ್ತು. ಆಗುವುದು ತದ್ವಿರುದ್ಧ. ಎರಡನ್ನು ಒತ್ತಿ ತಿರುಗಿಸಿ ಕೂಡಿಸಿದರೆ ಯಾವ ಅಂಟೂ ಇಲ್ಲದೆ ಕಚ್ಚಿಕೊಳ್ಳುತ್ತವೆ, ಮೇಲಿನದನ್ನು ಎತ್ತಿದರೆ ಕೆಳಗಿನದೂ ಜೊತೆಗೇ ಬರುತ್ತದೆ. 1953ರಲ್ಲಿ ಎಚ್‌ಎಂಟಿ ಕಾರ್ಖಾನೆ ಶುರುವಾದ ಈ ಊರಿನಲ್ಲಿ ಮೂರು ತಲೆಮಾರಿನ ಫಿಟ್ಟರುಗಳಿಗೆ ಇದು ದಿನನಿತ್ಯದ ಅನುಭವ. ಅವರ ಮಕ್ಕಳು ಶಾಲೆಯಲ್ಲಿ ಓದುವುದು ಮಾತ್ರ ನುಣುಪು ಜಾರುತ್ತದೆ ಎಂದು.

ಟೂಲ್‌ರೂಮಿನ ತನಕ ಹೋಗಬೇಕಾಗಿಯೂ ಇಲ್ಲ. ಶಾಲೆಯ ಪ್ರಯೋಗಾಲಯದ ಎರಡು ಗಾಜಿನ ಸ್ಲೈಡುಗಳನ್ನು ಚೆನ್ನಾಗಿ ತೊಳೆದು, ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ, ಬೇರ್ಪಡಿಸಲು ಹೋಗಿ. ಬ್ಯಾಂಕಿನಲ್ಲಿ ನೋಟು ಎಣಿಸುವವರ ಪಕ್ಕ ಒದ್ದೆ ಸ್ಪಂಜಿನ ಡಬ್ಬಿ ಏಕಿರುತ್ತದೆ ಎಂದು ಯೋಚಿಸಿ. ತೇವ ತಗುಲಿದ ಬೆರಳಿನ ಚರ್ಮ ಮೆತ್ತಗಾಗಿ ಕಾಗದಕ್ಕೆ ಹೆಚ್ಚು ಒತ್ತಿಕೊಳ್ಳುತ್ತದೆ, ನೋಟು ಸಲೀಸಾಗಿ ಬೆರಳಿಗೆ ಬರುತ್ತದೆ. ಅದೇ ನೀರು ಬ್ಯಾಂಕಿನ ಬಾಗಿಲಲ್ಲಿ ಗ್ರಾನೈಟ್ ನೆಲಕ್ಕೂ ಚಪ್ಪಲಿಗೂ ನಡುವೆ ಸೇರಿದರೆ ಕಾಲು ಜಾರುತ್ತದೆ. ನೀರು ಘರ್ಷಣೆಯನ್ನು ಹೆಚ್ಚಿಸುತ್ತದೆಯೋ ತಗ್ಗಿಸುತ್ತದೆಯೋ? ಈ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಎರಡರ ನಡುವೆ ಎಂದು ಕೇಳಿದ ಮೇಲಷ್ಟೇ ಅದು ಪ್ರಶ್ನೆಯಾಗುತ್ತದೆ.

ಇದೇ ತಪ್ಪನ್ನು ದೊಡ್ಡವರೂ ಮಾಡಿದ್ದರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಲಿಯೊನಾರ್ಡೊ ಡ ವಿಂಚಿ ಹದಿನೈದನೇ ಶತಮಾನದ ಕೊನೆಯಲ್ಲೇ ಕಟ್ಟಿಗೆ ತುಂಡುಗಳನ್ನು ಎಳೆದು ನೋಡಿ, ಘರ್ಷಣೆ ಭಾರದ ಸುಮಾರು ಕಾಲುಭಾಗ ಎಂದು ಟಿಪ್ಪಣಿ ಬರೆದಿಟ್ಟಿದ್ದ. ಫ್ರಾನ್ಸಿನ ಗಿಯೋಮ್ ಅಮೋಂಟನ್ 1699ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಇಂದಿಗೂ ನಾವು ಕಲಿಸುವ ನಿಯಮಗಳನ್ನು ಮಂಡಿಸಿದ: ಘರ್ಷಣೆ ಭಾರಕ್ಕೆ ಅನುಪಾತದಲ್ಲಿದೆ, ತಾಗುವ ಮೈಯ ವಿಸ್ತಾರಕ್ಕೆ ಸಂಬಂಧಿಸಿಲ್ಲ. ಆದರೆ ಅವನು ಇನ್ನೊಂದು ಮಾತನ್ನೂ ಹೇಳಿದ್ದ. ಕಬ್ಬಿಣ, ತಾಮ್ರ, ಸೀಸ, ಮರ ಯಾವುದೇ ಇರಲಿ, ಘರ್ಷಣೆ ಭಾರದ ಮೂರನೇ ಒಂದು ಪಾಲು, ವಸ್ತು ಬದಲಾದರೂ ಲೆಕ್ಕ ಬದಲಾಗದು ಎಂದು. ಹಾಗೇಕೆ ಅನ್ನಿಸಿತು? ಪ್ರಯೋಗಕ್ಕೆ ಮುಂಚೆ ಎಲ್ಲ ತುಂಡುಗಳಿಗೂ ಅವನು ಹಂದಿಯ ಕೊಬ್ಬು ಸವರಿದ್ದ. ಅವನು ಅಳೆದದ್ದು ಹೆಚ್ಚಾಗಿ ಆ ಕೊಬ್ಬನ್ನೇ. ನಮ್ಮ ಹಳ್ಳಿಗಳಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದವರಿಗೆ ಈ ಕಥೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಕೀಲೆಣ್ಣೆ ಬಿದ್ದ ಮೇಲೆ ಅಚ್ಚು ಗಾಲಿಯನ್ನು ನೇರವಾಗಿ ಮುಟ್ಟುವುದಿಲ್ಲ, ಎಣ್ಣೆಯನ್ನು ಮುಟ್ಟುತ್ತದೆ.

ವಸ್ತುವಿಗೆ ವಸ್ತು ಸೇರಿಸಿ ತಾಳ್ಮೆಯಿಂದ ಅಳೆದವನು ಫ್ರೆಂಚ್ ಸೇನೆಯ ಎಂಜಿನಿಯರ್ ಕೂಲಂ. ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಅವನು ಬೇರೆ ಬೇರೆ ಮರ, ಬೇರೆ ಬೇರೆ ಲೋಹಗಳ ಜೋಡಿಗಳನ್ನು ಪರೀಕ್ಷಿಸಿದ. 1785ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ ಪ್ರತಿ ಜೋಡಿಗೂ ಬೇರೆ ಲೆಕ್ಕವಿತ್ತು. ಮರದ ಮೇಲೆ ಮರವನ್ನು ಇಟ್ಟು ಹೊತ್ತು ಕಳೆದಷ್ಟೂ ಅದನ್ನು ಕದಲಿಸಲು ಬೇಕಾಗುವ ಬಲ ಹೆಚ್ಚುತ್ತದೆ ಎಂಬುದನ್ನೂ ಅವನು ಗುರುತಿಸಿದ. ಅವನಿಗಿಂತ ಅರವತ್ತು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಡೆಸಗುಲಿಯರ್ ಎಂಬಾತ ಎರಡು ಸೀಸದ ಗುಂಡುಗಳ ಮೈಯನ್ನು ಸ್ವಲ್ಪ ಸಪಾಟಾಗಿ ಕತ್ತರಿಸಿ, ಒತ್ತಿ ತಿರುಚಿ ಅಂಟಿಸಿ ತೋರಿಸಿದ್ದ. ಅತಿಯಾಗಿ ನಯ ಮಾಡಿದರೆ ಘರ್ಷಣೆ ಹೆಚ್ಚಲೂಬಹುದು ಎಂಬ ಅನುಮಾನ ಅವನಿಗೆ ಬಂದಿತ್ತು. ನಮ್ಮ ಸ್ಲಿಪ್ ಗೇಜ್ ಇಂದು ಸಾರುವುದು ಅದನ್ನೇ.

ಒಗಟು ಬಿಡಿಸಿದ್ದು ಇಪ್ಪತ್ತನೇ ಶತಮಾನ. ಬೌಡನ್ ಮತ್ತು ಟೇಬರ್ ಎಂಬ ಇಬ್ಬರು ವಿಜ್ಞಾನಿಗಳು 1939ರಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿಸಿ, ಅವು ನಿಜಕ್ಕೂ ಎಷ್ಟು ಜಾಗದಲ್ಲಿ ಮುಟ್ಟುತ್ತವೆ ಎಂದು ಅಂದಾಜಿಸಿದರು. ಮೇಲುನೋಟಕ್ಕೆ ಪೂರ್ತಿ ತಾಗಿದಂತೆ ಕಾಣುವ ಎರಡು ಉಕ್ಕಿನ ಮೈಗಳು ನಿಜವಾಗಿ ತಾಗುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗದಲ್ಲಿರಬಹುದು. ಒಂದು ಪರ್ವತ ಸೀಮೆಯನ್ನು ಇನ್ನೊಂದರ ಮೇಲೆ ಬೋರಲು ಹಾಕಿದ ಚಿತ್ರವನ್ನು ಬೌಡನ್ ಕೊಟ್ಟಿದ್ದರು. ನಮ್ಮ ಮಕ್ಕಳಿಗೆ ರಾಮನಗರದ ಬಂಡೆಬೆಟ್ಟಗಳ ಮೇಲೆ ಸಾವನದುರ್ಗವನ್ನು ತಲೆಕೆಳಗಾಗಿ ಇಟ್ಟಂತೆ ಎನ್ನಬಹುದು. ಕೆಲವು ಶಿಖರಗಳಷ್ಟೇ ತಾಗುತ್ತವೆ. ಇಡೀ ಭಾರ ಆ ಕೆಲವು ತುದಿಗಳ ಮೇಲೆ ಬೀಳುವುದರಿಂದ ಅವು ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ. ಜಾರಿಸಬೇಕಾದರೆ ಆ ಅಂಟುಗಳನ್ನು ಕತ್ತರಿಸಬೇಕು. ಲೋಹಗಳಲ್ಲಿ ಘರ್ಷಣೆಯ ಬಹುಪಾಲು ಹುಟ್ಟುವುದು ಹೀಗೆ. ಉಬ್ಬುತಗ್ಗುಗಳ ಸಿಕ್ಕು, ಮೆತ್ತನೆಯ ಮೈಯನ್ನು ಗಟ್ಟಿ ತುದಿ ಉಳುವುದು, ಇವೆಲ್ಲ ಅದರ ಜೊತೆ ಸೇರುತ್ತವೆ.

ಈ ಚಿತ್ರ ಕಣ್ಣಿಗೆ ಬಂದರೆ ಬಾಯಿಪಾಠ ಮಾಡಿದ ನಿಯಮಗಳಿಗೆ ಕಾರಣ ಸಿಗುತ್ತದೆ. ಇಟ್ಟಿಗೆಯನ್ನು ಅಗಲ ಮೈಯ ಮೇಲೆ ಮಲಗಿಸಿ ಎಳೆದರೂ, ಕಿರಿದಾದ ಪಕ್ಕದ ಮೇಲೆ ನಿಲ್ಲಿಸಿ ಎಳೆದರೂ ಬಲ ಸುಮಾರು ಒಂದೇ. ಮಕ್ಕಳಿಗೆ ಇದು ನಂಬಲಾಗದ ಸಂಗತಿ. ಅಗಲ ಮೈಯಲ್ಲಿ ತಾಗುವ ತುದಿಗಳು ಹೆಚ್ಚು, ಪ್ರತಿಯೊಂದರ ಮೇಲೂ ಭಾರ ಕಡಿಮೆ. ಕಿರಿದಾದ ಮೈಯಲ್ಲಿ ತುದಿಗಳು ಕಡಿಮೆ, ಪ್ರತಿಯೊಂದೂ ಹೆಚ್ಚು ಚಪ್ಪಟೆ. ನಿಜವಾಗಿ ತಾಗುವ ಒಟ್ಟು ಜಾಗ ಎರಡರಲ್ಲೂ ಒಂದೇ. ಭಾರ ಎರಡು ಪಟ್ಟಾದರೆ ಆ ಜಾಗವೂ ಎರಡು ಪಟ್ಟು, ಘರ್ಷಣೆಯೂ ಎರಡು ಪಟ್ಟು. ನಿಯಮ ಎಲ್ಲಿ ಮುರಿಯುತ್ತದೆ ಎಂಬುದೂ ಇದೇ ಚಿತ್ರದಿಂದ ತಿಳಿಯುತ್ತದೆ. ರಬ್ಬರ್ ಮೆತ್ತಗೆ ಬಾಗಿ ಜಲ್ಲಿಯ ಸಂದುಗೊಂದುಗಳನ್ನು ತುಂಬಿಕೊಳ್ಳುತ್ತದೆ, ಬಾಗಿ ಮತ್ತೆ ನೆಟ್ಟಗಾಗುವಾಗ ಶಕ್ತಿ ಕಳೆಯುತ್ತದೆ. ಆದ್ದರಿಂದ ಟೈರು ಅಮೋಂಟನ್ನನ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಒಣ ಹಾದಿಯಲ್ಲಿ ಓಡುವ ರೇಸ್ ಕಾರುಗಳ ಟೈರಿನಲ್ಲಿ ಗೆರೆಗಳೇ ಇಲ್ಲ. ನಮ್ಮ ಟೈರಿನ ಗೆರೆಗಳಿರುವುದು ರಸ್ತೆಯನ್ನು ಕಚ್ಚಿ ಹಿಡಿಯಲು ಎಂದು ಬಹಳ ಮಂದಿ ನಂಬಿದ್ದಾರೆ. ಅವುಗಳ ಮುಖ್ಯ ಕೆಲಸ ಮಳೆನೀರನ್ನು ಬದಿಗೆ ದೂಡಿ, ರಬ್ಬರಿಗೆ ರಸ್ತೆ ಸಿಗುವಂತೆ ಮಾಡುವುದು.

ಎರಡು ಮೈ ಎಂದರೂ ಮಾತು ಮುಗಿಯದು. ನಡುವೆ ಮೂರನೆಯದೊಂದು ಇದ್ದೇ ಇರುತ್ತದೆ: ಧೂಳು, ತುಕ್ಕು, ಬೆವರು, ಗಾಳಿಯ ತೇವ, ಎಣ್ಣೆಯ ಎಳೆ. ಪುಸ್ತಕಗಳ ಕೊನೆಯಲ್ಲಿ ಅಚ್ಚಾಗುವ ಘರ್ಷಣಾ ಗುಣಾಂಕದ (ಘರ್ಷಣೆ ಭಾರದ ಎಷ್ಟು ಪಾಲು ಎಂದು ಹೇಳುವ ಅಂಕಿಯ) ಪಟ್ಟಿಗಳನ್ನು ನಂಬಬೇಡಿ ಎಂದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ಪ್ರಸಿದ್ಧ ಉಪನ್ಯಾಸಗಳಲ್ಲಿ ಎಚ್ಚರಿಸಿದ್ದು ಇದಕ್ಕೇ. ತಾಮ್ರದ ಮೇಲೆ ತಾಮ್ರ ಎಂದು ಬರೆದಿದ್ದರೂ ಅಲ್ಲಿ ಅಳತೆಗೆ ಸಿಕ್ಕಿರುವುದು ತಾಮ್ರಕ್ಕೆ ಅಂಟಿಕೊಂಡ ಕೊಳೆ ಎಂಬುದು ಅವರ ವಾದ. ನಿಜಕ್ಕೂ ಶುದ್ಧವಾದ ಲೋಹಗಳು ನಿರ್ವಾತದಲ್ಲಿ ತಾಗಿದರೆ ಬೆಸೆದುಕೊಳ್ಳಬಲ್ಲವು. 1991ರಲ್ಲಿ ಗುರುಗ್ರಹದತ್ತ ಹೊರಟಿದ್ದ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ ಛತ್ರಿ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಕೆಲವು ಪಿನ್ನುಗಳ ಮೇಲಿನ ಒಣ ಜಾರುಲೇಪ ಸವೆದು ಲೋಹಕ್ಕೆ ಲೋಹ ಕಚ್ಚಿಕೊಂಡದ್ದೇ ಅದರ ಕಾರಣವಿರಬೇಕೆಂದು ತಜ್ಞರು ತೀರ್ಮಾನಿಸಿದರು.

ಈ ಮೂರನೆಯದರ ಮಹಿಮೆ ಮಕ್ಕಳಿಗೆ ಕೇರಂ ಬೋರ್ಡಿನಿಂದಲೇ ಗೊತ್ತು. ಬೋರಿಕ್ ಪುಡಿ ಉದುರಿಸಿದ ಕೂಡಲೇ ಸ್ಟ್ರೈಕರ್ ಹಾರುತ್ತದೆ. ಆ ಪುಡಿಯ ಹರಳುಗಳು ಇಸ್ಪೀಟು ಕಟ್ಟಿನಂತೆ ಪದರ ಪದರವಾಗಿವೆ. ಪದರದೊಳಗಿನ ಬಂಧ ಬಲವಾದದ್ದು, ಪದರ ಪದರಗಳ ನಡುವಿನದು ದುರ್ಬಲ. ಸ್ಟ್ರೈಕರ್ ಸಾಗುವಾಗ ಪದರಗಳೇ ಒಂದರ ಮೇಲೊಂದು ಜಾರುತ್ತವೆ. ಬಿಗಿಯಾದ ಬೀಗಕ್ಕೆ ಪೆನ್ಸಿಲ್ ಸೀಸದ ಪುಡಿ ಹಾಕುವವರು ಬಳಸುವುದೂ ಇಂಥದೇ ಪದರದ ವಸ್ತುವನ್ನು. ಆದರೆ ಪೆನ್ಸಿಲ್ಲಿನ ಗ್ರಾಫೈಟ್ ಚೆನ್ನಾಗಿ ಜಾರಬೇಕಾದರೆ ಗಾಳಿಯಲ್ಲಿ ಒಂದಿಷ್ಟು ತೇವ ಬೇಕು. ನಿರ್ವಾತದಲ್ಲಿ ಅದು ಉಜ್ಜಿ ಪುಡಿಯಾಗುತ್ತದೆ. ಜಾರುವ ವಸ್ತು ಎಂದು ನಾವು ಹಣೆಪಟ್ಟಿ ಹಚ್ಚಿದ ಗ್ರಾಫೈಟ್ ಕೂಡ ಒಂಟಿಯಾಗಿ ಜಾರುವುದಿಲ್ಲ.

ಮಡಿವಾಳದ ಪಕ್ಕದಲ್ಲೇ ಘರ್ಷಣೆಯ ಇನ್ನೊಂದು ದೊಡ್ಡ ಪಾಠ ಕೂತಿದೆ, ಅದು ಬಟ್ಟೆಯದು. ಬಿಟಿಎಂ ಲೇಔಟಿನ ಕೇಂದ್ರ ರೇಷ್ಮೆ ಮಂಡಳಿಯಿಂದಲೇ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹೆಸರು ಬಂತು. 1948ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಟ್ರಾಫಿಕ್ಕಿನ ಮಾತಿಗೆ ಮಾತ್ರ ನೆನಪಾಗುವ ಆ ಹೆಸರಿನಲ್ಲಿ ಒಂದು ಒಳ್ಳೆಯ ಭೌತವಿಜ್ಞಾನದ ಪ್ರಶ್ನೆ ಇದೆ. ಹತ್ತಿಯ ಎಳೆ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಿರುವುದಿಲ್ಲ. ಅಷ್ಟು ಚಿಕ್ಕ ಎಳೆಗಳಿಂದ ಮಾರುಗಟ್ಟಲೆ ನೂಲು ಹೇಗೆ ಬಂತು? ಅಂಟು ಹಾಕಿಲ್ಲ, ಗಂಟು ಹಾಕಿಲ್ಲ. ಹುರಿ ಮಾಡಿದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ, ನೂಲನ್ನು ಎಳೆದಷ್ಟೂ ಆ ಒತ್ತು ಇನ್ನಷ್ಟು ಬಿಗಿಯಾಗುತ್ತದೆ. ನಾವು ಉಡುವ ಹತ್ತಿ ಬಟ್ಟೆಯನ್ನು ಹಿಡಿದಿಟ್ಟಿರುವುದು ಘರ್ಷಣೆಯೊಂದೇ. ರೇಷ್ಮೆಯ ಬಗೆ ಬೇರೆ. ಒಂದು ಗೂಡಿನಿಂದ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ ಬಿಚ್ಚಿಕೊಳ್ಳಬಲ್ಲದು. ಅದಕ್ಕೆ ಹತ್ತಿಯ ಹಾಗೆ ಪಕ್ಕದ ಎಳೆಯ ಆಸರೆ ಬೇಕಿಲ್ಲ, ಅದರ ಮೈಯೂ ನಯ. ರೇಷ್ಮೆ ಸೆರಗು ಹೆಗಲಿನಿಂದ ಏಕೆ ಜಾರುತ್ತದೆ, ಹತ್ತಿ ಸೆರಗು ಏಕೆ ನಿಲ್ಲುತ್ತದೆ ಎಂಬ ಅಜ್ಜಿಯ ಅನುಭವಕ್ಕೂ ನೂಲಿನ ವಿಜ್ಞಾನಕ್ಕೂ ನಂಟು ಹೀಗೆ.

ಇನ್ನು ಕಂಬಳಿ. ಕುರಿಯ ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಸಣ್ಣ ಹುರುಪೆಗಳಿವೆ. ಬುಡದಿಂದ ತುದಿಯ ಕಡೆಗೆ ಸವರಿದರೆ ನಯ, ತುದಿಯಿಂದ ಬುಡಕ್ಕೆ ಸವರಿದರೆ ತಡೆ. ವಸ್ತುಗಳು ಅವೇ ಎರಡು, ದಿಕ್ಕು ಬದಲಾದರೆ ಘರ್ಷಣೆ ಬೇರೆ! ನೆನೆದ ಉಣ್ಣೆಯನ್ನು ತಿಕ್ಕಿ ಒಗೆದರೆ ಎಳೆಗಳು ಒಂದೇ ದಿಕ್ಕಿಗೆ ಸರಿಯುತ್ತಾ ಹೋಗಿ ಮತ್ತೆ ಹಿಂದಕ್ಕೆ ಬರಲಾರವು, ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಮನುಷ್ಯರ ಕೂದಲಿನಲ್ಲೂ ಅಂಥದೇ ಹುರುಪೆಗಳಿವೆ. ಮಗು ತನ್ನದೇ ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಂದೆ ಮುಂದೆ ಉಜ್ಜಿದರೆ ಕೂದಲು ತಾನಾಗಿ ಬುಡದ ಕಡೆಗೇ ಸರಿಯುತ್ತದೆ. ಕಾಸಿನ ಖರ್ಚಿಲ್ಲದ, ಜನ್ಮವಿಡೀ ಮರೆಯದ ಪ್ರಯೋಗ ಇದು. ಮಡಿವಾಳ ಎಂಬ ಪದಕ್ಕೇ ಬಟ್ಟೆ ಒಗೆದು ಮಡಿ ಮಾಡುವವನು ಎಂಬ ಅರ್ಥವಿದೆ. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕವೂ ಅದೇ. ಯಾವ ಬಟ್ಟೆಯನ್ನು ಬಂಡೆಗೆ ಬಡಿಯಬಹುದು, ಯಾವುದನ್ನು ಕೈಯಲ್ಲಿ ಹಿಂಡಿ ಬಿಡಬೇಕು ಎಂದು ಬಲ್ಲ ಆ ಕಸುಬಿನ ಅರಿವು, ವಸ್ತು ವಸ್ತುಗಳ ನಡುವಣ ಘರ್ಷಣೆಯ ಅರಿವೇ ಆಗಿತ್ತು. ಅದನ್ನು ಶಾಲೆಯ ಪಾಠಕ್ಕೆ ಹೊರಗಿನದೆಂದು ನಾವು ಬಗೆದದ್ದು ತಪ್ಪು.

ಇಷ್ಟು ಸೂಕ್ಷ್ಮ ಹೈಸ್ಕೂಲಿಗೆ ಏಕೆ ಎಂದು ಕೇಳುವವರಿದ್ದಾರೆ. ಇದು ಜೀವದ ಪ್ರಶ್ನೆ ಎಂಬುದು ನನ್ನ ಮೊದಲ ಉತ್ತರ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಟೈರು ಮತ್ತು ಒಣ ರಸ್ತೆಯ ನಡುವಿನ ಗುಣಾಂಕ 0.7 ಎಂದಿಟ್ಟುಕೊಂಡರೆ ಸುಮಾರು 9 ಮೀಟರ್. ಒದ್ದೆಯಾಗಿ ಅದು 0.35ಕ್ಕೆ ಇಳಿದರೆ 18 ಮೀಟರ್. ವೇಗ 60 ಆದರೆ ಈ ಅಂತರಗಳು ಸುಮಾರು 20 ಮತ್ತು 40 ಮೀಟರಿಗೆ ಜಿಗಿಯುತ್ತವೆ. ಚಾಲಕ ಅಪಾಯ ಕಂಡು ಬ್ರೇಕ್ ಮುಟ್ಟುವಷ್ಟರಲ್ಲಿ ಗಾಡಿ ಸಾಗಿದ ದೂರ ಇದರಲ್ಲಿ ಸೇರಿಲ್ಲ. ರಸ್ತೆ ವಿನ್ಯಾಸಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಹಿಡಿಯುವ ಲೆಕ್ಕವೇ 0.35ರಿಂದ 0.40, ಒಣ ರಸ್ತೆಯ ಹಿಡಿತವನ್ನು ನಂಬಿ ಅದು ಲೆಕ್ಕ ಹಾಕುವುದಿಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಲೈಸೆನ್ಸ್ ಪಡೆದು ಇದೇ ಹೊಸೂರು ರಸ್ತೆಗಿಳಿಯುವ ಮಕ್ಕಳಿಗೆ ಈ ಲೆಕ್ಕ ಗೊತ್ತಿರಬೇಕಲ್ಲವೇ?

ಎರಡನೆಯ ಉತ್ತರ, ನಾಡಿನ ಕೆಲಸಗಳು ಈ ಜೋಡಿಗಳ ಮೇಲೆಯೇ ನಡೆಯುತ್ತಿವೆ ಎಂಬುದು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಸಾಗುವ ಹಳದಿ ಮಾರ್ಗದ ಮೆಟ್ರೋ ಸಿಲ್ಕ್ ಬೋರ್ಡ್ ನಿಲ್ದಾಣದ ಮೇಲೆ ಹಾದುಹೋಗುವಾಗ, ಅದರ ಒಂದೊಂದು ಉಕ್ಕಿನ ಗಾಲಿಯೂ ಹಳಿಯನ್ನು ಮುಟ್ಟುವುದು ಉಗುರಿನಷ್ಟು ಜಾಗದಲ್ಲಿ. ಉರುಳಲು ತಡೆ ಬಲು ಕಡಿಮೆ, ಅದು ಲಾಭ. ಆದರೆ ಹೊರಡಲೂ ನಿಲ್ಲಲೂ ಬೇಕಾದ ಹಿಡಿತವೂ ಅಷ್ಟೇ ಜಾಗದಿಂದ ಬರಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ರೈಲುಮಾರ್ಗದಲ್ಲಿ 50 ಮೀಟರಿಗೆ 1 ಮೀಟರ್ ಏರು. 1,000 ಟನ್ನಿನ ರೈಲನ್ನು ಆ ಏರಿನಲ್ಲಿ ಹತ್ತಿಸಲು ಗುರುತ್ವದ ಎದುರಿಗೇ 20 ಟನ್ ಎಳೆತ ಬೇಕು. 120 ಟನ್ ತೂಕದ ಒಂದು ಎಂಜಿನ್ ಇದೆ, ಗಾಲಿಗೂ ಹಳಿಗೂ ನಡುವಿನ ಗುಣಾಂಕ 0.25 ಎಂದುಕೊಳ್ಳಿ. ಎಂಜಿನ್ 30 ಟನ್ನಿನವರೆಗೆ ಎಳೆಯಬಲ್ಲದು. ಮಳೆಗೆ ಗುಣಾಂಕ 0.15ಕ್ಕೆ ಇಳಿದರೆ ಹಿಡಿತ 18 ಟನ್ನಿಗೆ ಕುಸಿಯುತ್ತದೆ, ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ ಗಾಲಿ ಸುಮ್ಮನೆ ತಿರುಗುತ್ತದೆ. ಎಂಜಿನ್ನುಗಳು ಹಳಿಯ ಮೇಲೆ ಮರಳು ಉದುರಿಸುವುದೂ, ಘಾಟಿಯಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುವುದೂ ಇದಕ್ಕಾಗಿ. ಪಟ್ಟಿ ನೋಡಿ 'ಉಕ್ಕು-ಉಕ್ಕು 0.6' ಎಂದು ಬರೆದ ವಿದ್ಯಾರ್ಥಿಯ ಲೆಕ್ಕದಲ್ಲಿ ರೈಲು ಸುಖವಾಗಿ ಹತ್ತುತ್ತದೆ, ಘಾಟಿಯಲ್ಲಿ ನಿಂತುಬಿಡುತ್ತದೆ. ಪ್ರಪಂಚ ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಘರ್ಷಣೆಯನ್ನು ಮೀರುವುದಕ್ಕೇ ಖರ್ಚಾಗುತ್ತದೆ ಎಂದು 2017ರಲ್ಲಿ ಹೋಲ್ಮ್‌ಬರ್ಗ್ ಮತ್ತು ಎರ್ಡೆಮಿರ್ ಎಂಬ ಸಂಶೋಧಕರು ಲೆಕ್ಕ ಹಾಕಿದ್ದರು. ಇಷ್ಟು ದೊಡ್ಡ ಸಂಗತಿಯನ್ನು 'ಘರ್ಷಣೆಯ ಎರಡು ಉಪಯೋಗ, ಎರಡು ತೊಂದರೆ ಬರೆಯಿರಿ' ಎಂಬ ಪ್ರಶ್ನೆಗೆ ಇಳಿಸುವುದು ಸರಿಯಲ್ಲ.

ಪರಿಹಾರ ದುಬಾರಿಯದಲ್ಲ. ಒಂದು ಹಲಗೆ, ಒಂದು ಅಳತೆಪಟ್ಟಿ ಸಾಕು. ಹಲಗೆಯ ಮೇಲೆ ವಸ್ತುವನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ವಸ್ತು ಜಾರಲು ಶುರುವಾದ ಗಳಿಗೆಯಲ್ಲಿ ತುದಿಯ ಎತ್ತರವನ್ನು, ನೆಲದ ಮೇಲಿನ ಅಡಿಯ ಉದ್ದದಿಂದ ಭಾಗಿಸಿ. ಬಂದ ಉತ್ತರವೇ ಸ್ಥಾಯಿ ಘರ್ಷಣೆಯ, ಅಂದರೆ ವಸ್ತು ಕದಲುವ ಮುಂಚಿನ ಘರ್ಷಣೆಯ, ಗುಣಾಂಕ. ಅಡಿ 100 ಸೆಂಟಿಮೀಟರ್, ಎತ್ತರ 25 ಸೆಂಟಿಮೀಟರ್ ಆದರೆ ಗುಣಾಂಕ 0.25. ತ್ರಿಕೋನಮಿತಿ ಬೇಡ, ತಕ್ಕಡಿಯೂ ಬೇಡ. ವಸ್ತುವಿನ ಮೇಲೆ ಇನ್ನೊಂದು ತೂಕ ಹೇರಿದರೂ ಕೋನ ಹೆಚ್ಚುಕಡಿಮೆ ಅದೇ ಎಂಬುದನ್ನು ಮಗು ತಾನೇ ಕಂಡಾಗ ಅಮೋಂಟನ್ನನ ನಿಯಮ ಅವಳದಾಗುತ್ತದೆ.

ಆಮೇಲೆ ಜೋಡಿಗಳ ಕೋಷ್ಟಕ ಹಾಕಲಿ. ಹಲಗೆಗೆ ಹೊದಿಸುವುದು ನಾಲ್ಕು ಬಗೆ: ಬರಿಯ ಮರ, ಗಾಜು, ಉಪ್ಪುಕಾಗದ, ಗೋಣಿ. ಮೇಲಿಡುವುದು ನಾಲ್ಕು: ರಬ್ಬರಿನ ಎರೇಸರ್, ನಾಣ್ಯ, ಹತ್ತಿ ಬಟ್ಟೆ ಸುತ್ತಿದ ಬೆಂಕಿಪೊಟ್ಟಣ, ರೇಷ್ಮೆ ಸುತ್ತಿದ ಬೆಂಕಿಪೊಟ್ಟಣ. ಹದಿನಾರು ಮನೆಗಳು ತುಂಬುತ್ತವೆ. ಚೊಕ್ಕಟ ಗಾಜಿನ ಮೇಲೆ ಎರೇಸರ್ ಗಟ್ಟಿಯಾಗಿ ನಿಲ್ಲುವುದನ್ನೂ, ಅದೇ ಗಾಜಿಗೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಜಾರುವುದನ್ನೂ ನೋಡಲಿ. 'ಗಾಜಿನ ಘರ್ಷಣೆ ಎಷ್ಟು?' ಎಂದು ಆಗ ಕೇಳಿ. ಅವಳೇ ಮರುಪ್ರಶ್ನೆ ಹಾಕುತ್ತಾಳೆ: "ಯಾವುದರ ಜೊತೆ ಮಿಸ್?" ಆ ಮರುಪ್ರಶ್ನೆ ಬಂದ ದಿನ ಪಾಠ ಮುಗಿಯಿತು ಎಂದು ತಿಳಿಯಬಹುದು.

ಮೂರು ಆಕ್ಷೇಪಗಳನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಎಳೆಯ ಮಕ್ಕಳಿಗೆ ಸರಳ ಕಾರಣವೇ ಸಾಕು ಎಂಬುದು ಮೊದಲನೆಯದು. ಸರಳತೆ ಬೇಕು, ನಿಜ. ಆದರೆ ಮುಂದೆ ಬೆಳೆಯಬಲ್ಲ ಸರಳತೆ ಒಂದು, ಮುಂದೆ ಕಿತ್ತು ಬಿಸಾಡಬೇಕಾದ ಸರಳತೆ ಇನ್ನೊಂದು. 'ಮೈಗಳು ತುದಿಗಳಲ್ಲಿ ತಾಗುತ್ತವೆ, ತಾಗಿದಲ್ಲಿ ಅಂಟುತ್ತವೆ, ಒರಟಿದ್ದಲ್ಲಿ ಸಿಕ್ಕಿಕೊಳ್ಳುತ್ತವೆ' ಎಂಬ ವಾಕ್ಯ ಈಗಿನದಕ್ಕಿಂತ ಕಷ್ಟದ್ದೇನಲ್ಲ. ಮಗು ಪಿಯುಸಿಗೆ ಹೋದರೂ, ಎಂಜಿನಿಯರಿಂಗ್ ಸೇರಿದರೂ ಅದು ಸುಳ್ಳಾಗುವುದಿಲ್ಲ. ಸಮಯವಿಲ್ಲ ಎಂಬುದು ಎರಡನೆಯದು. ಹಲಗೆಯ ಪ್ರಯೋಗಕ್ಕೆ ಎರಡು ಪೀರಿಯಡ್ ಸಾಕು. ಬಲ, ಅನುಪಾತ, ಸರಾಸರಿ, ಕೋಷ್ಟಕ ಎಲ್ಲವೂ ಅಲ್ಲೇ ಬರುವುದರಿಂದ ಆ ಹೊತ್ತು ಬೇರೆ ಪಾಠಗಳಿಗೂ ಸಲ್ಲುತ್ತದೆ.

ಮೂರನೆಯ ಆಕ್ಷೇಪ ಶಿಕ್ಷಕರ ಮನಸ್ಸಿನಲ್ಲಿರುವ ಅಳುಕು. ಪ್ರತಿ ಸಲ ಬೇರೆ ಉತ್ತರ ಬಂದರೆ ಮಕ್ಕಳಿಗೆ ಏನು ಹೇಳುವುದು? ಆ ಏರುಪೇರನ್ನೇ ಹೇಳಿ. ಹತ್ತು ಸಲ ಎತ್ತಿದರೆ ಹತ್ತು ಅಂಕಿಗಳು ಬರುತ್ತವೆ. ಅವು ಎಲ್ಲಿಂದ ಎಲ್ಲಿಗೆ ಹರಡಿವೆ ಎಂದು ಬರೆಯುವುದೇ ಪ್ರಾಮಾಣಿಕ ವಿಜ್ಞಾನ. ಕೈಯ ಬೆವರು ತಗುಲಿತೇ, ಧೂಳು ಕೂತಿತೇ ಎಂದು ಹುಡುಕುವುದೇ ಕಲಿಕೆ. ಉತ್ತರ ಪುಸ್ತಕಕ್ಕೆ ಹೊಂದಲಿಲ್ಲವೆಂದು ಅಂಕಿಯನ್ನು ತಿದ್ದಿಸುವ ತರಗತಿ ಮಕ್ಕಳಿಗೆ ಅಪ್ರಾಮಾಣಿಕತೆಯ ಮೊದಲ ಪಾಠ ಹೇಳಿಕೊಡುತ್ತದೆ. ಇಲ್ಲೇ ಪಕ್ಕದ ಬಸವನಗುಡಿಯಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯನವರು ಬದುಕಿನುದ್ದಕ್ಕೂ ಹೇಳಿದ್ದು, ಪರೀಕ್ಷಿಸದೆ ಒಪ್ಪಬೇಡಿ ಎಂಬ ಅರ್ಥದ ಮಾತನ್ನು. ದೊಡ್ಡ ದೊಡ್ಡ ಪವಾಡಗಳನ್ನು ಪ್ರಶ್ನಿಸುವ ಧೈರ್ಯ, ಗುಣಾಂಕದ ಪಟ್ಟಿಯೊಂದನ್ನು ಹಲಗೆ ಎತ್ತಿ ಪರೀಕ್ಷಿಸುವ ಅಭ್ಯಾಸದಿಂದಲೇ ಬೆಳೆಯುತ್ತದೆ.

ಪ್ರಶ್ನೆಪತ್ರಿಕೆ ಬದಲಾಗದೆ ತರಗತಿ ಬದಲಾಗದು ಎಂಬುದು ನಮಗೆಲ್ಲ ಗೊತ್ತು. ಆದ್ದರಿಂದ ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಬೇಡಿಕೆ ಚಿಕ್ಕದು. 'ಘರ್ಷಣೆ ಎಂದರೇನು?' ಎಂದು ಕೇಳುವ ಜಾಗದಲ್ಲಿ ಒಂದು ವರ್ಷ ಹೀಗೆ ಕೇಳಿ ನೋಡಿ: 'ಒದ್ದೆ ಬೆರಳಿಗೆ ಪುಟ ಅಂಟುತ್ತದೆ, ಒದ್ದೆ ನೆಲದಲ್ಲಿ ಚಪ್ಪಲಿ ಜಾರುತ್ತದೆ. ನೀರು ಒಂದೇ ಆದರೂ ಹೀಗೇಕೆ?' ಶಿಕ್ಷಕರಲ್ಲಿ ಬೇಡಿಕೆ ಇನ್ನೂ ಚಿಕ್ಕದು. ಈ ವಾರ ಘರ್ಷಣೆಯ ಪಾಠಕ್ಕೆ ಹೋಗುವಾಗ ಸೀಮೆಸುಣ್ಣದ ಜೊತೆಗೆ ಒಂದು ಹಲಗೆಯನ್ನೂ ಒಯ್ಯಿರಿ. ಹಲಗೆಯನ್ನು ನೀವು ಎತ್ತಬೇಡಿ, ಮಕ್ಕಳು ಎತ್ತಲಿ.